ಬಂಗಾರದ ನ್ಯಾನೊ ಕಣದಿಂದ ಬೋರ್ ನೀರಿನಾಗಿನ ಆರ್ಸೆನಿಕ್ ಹಿಡೀಲಿಕ್ಕೆ ಬರ್ತದೇನ್ರಿ?

ಪ್ರಶ್ನೆ
ಬರೆದವರು: ಸುರಪುರ ಟೀಚರ್

ಎಲ್ಲರಿಗೂ ಶರಣು. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಒಂದು ಹೈಸ್ಕೂಲಿನಾಗ ಹದಿನಾಲ್ಕು ವರ್ಷದಿಂದ ವಿಜ್ಞಾನ ಕಲಿಸ್ತೀನಿ. ಈ ಪ್ರಶ್ನೆ ಸ್ವಲ್ಪ ಉದ್ದ ಅದ, ದಯವಿಟ್ಟು ಪೂರ್ತಿ ಓದ್ರಿ.

ನಮ್ಮ ಶಾಲೆಗೆ ಹತ್ತಿರದ ತಾಂಡಾದಿಂದ ಮಕ್ಕಳು ನಡಕೊಂಡು ಬರ್ತಾರ. ಹೋದ ತಿಂಗಳು ಒಂಬತ್ತನೇ ಕ್ಲಾಸಿನ ಒಬ್ಬಾಕಿ ಪ್ಲಾಸ್ಟಿಕ್ ಬಾಟಲಿಯೊಳಗ ನೀರು ತುಂಬಿಕೊಂಡು ಬಂದು ನನ್ನ ಟೇಬಲ್ ಮ್ಯಾಲ ಇಟ್ಟಳು. "ಟೀಚರ್, ಇದರಾಗ ಏನರ ಅದ ಏನು, ನೋಡ್ರಿ" ಅಂದಳು. ಎತ್ತಿ ಬೆಳಕಿಗೆ ಹಿಡಿದೆ. ಕನ್ನಡಿಯಂಥ ತಿಳಿ ನೀರು, ಕಸ ಇಲ್ಲ, ವಾಸನೆ ಇಲ್ಲ. ಯಾಕ ತಂದಿ ಅಂತ ಕೇಳಿದ್ದಕ್ಕ ಅಜ್ಜಿ ಕೈ ವಿಷಯ ಹೇಳಿದಳು.

ಆ ಭಾನುವಾರ ಅವರ ಮನಿಗೆ ಹೋದೆ. ಅಜ್ಜಿ ಎರಡೂ ಅಂಗೈ ತೆರೆದು ತೋರಿಸಿದರು. ಅಂಗೈ ತುಂಬ ಸಣ್ಣ ಸಣ್ಣ ಗಟ್ಟಿ ಗಂಟು, ಮುಟ್ಟಿದರೆ ಜೋಳದ ಕಾಳು ಚರ್ಮದ ಕೆಳಗ ಸೇರಿಕೊಂಡಂಗ. ಅಂಗಾಲಿನಾಗೂ ಅದೇ. ಕುತ್ತಿಗೆ ಕೆಳಗ ಕಪ್ಪು ಚರ್ಮದ ಮ್ಯಾಲ ಬಿಳಿ ಚುಕ್ಕೆ, ಧೂಳಿನ ನೆಲದ ಮ್ಯಾಲ ಮೊದಲ ಮಳೆ ನಾಲ್ಕು ಹನಿ ಹಾಕಿ ಹೋದರ ಕಾಣ್ತದಲ್ಲ, ಹಂಗ. ಹಿಂದ ಒಬ್ಬ ವೈದ್ಯರು ಗಜಕರ್ಣ ಅಂತ ಮುಲಾಮು ಕೊಟ್ಟಿದ್ದರಂತ. ಎರಡು ವರ್ಷ ಹಚ್ಚಿದರೂ ಏನೂ ಕಡಿಮಿ ಆಗಿಲ್ಲ. ಕಟ್ಟಿಗಿ ಒಡೆದು ಒಡೆದು ಕೈ ಹಿಂಗ ಆಗ್ಯಾದ ಅಂತ ಅಜ್ಜಿ ತಿಳಿದಾರ.

ನನಗ ಅಲ್ಲೇ ಎದಿ ಝಲ್ ಅಂತು. ನಮ್ಮ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕೊಳವೆಬಾವಿ ನೀರಿನಾಗ ಆರ್ಸೆನಿಕ್ ಸಿಕ್ಕದ್ದು, ಅಲ್ಲಿ ಜನರ ಚರ್ಮಕ್ಕ ಹಿಂಥಾದ್ದೇ ರೋಗ ಬಂದದ್ದು ಈ ಭಾಗದಾಗ ಎಲ್ಲರಿಗೂ ಗೊತ್ತದ. ಆ ತಾಂಡಾ, ಈ ತಾಂಡಾ ಬೇರೆ ಬೇರೆ. ಆದ್ರ ನೆಲದ ಕೆಳಗಿನ ಕಲ್ಲಿಗೆ ತಾಂಡಾದ ಗಡಿ ಎಲ್ಲಿ ಗೊತ್ತು?

ಈಗ ಪ್ರಶ್ನೆಗೆ ಬರ್ತೀನಿ. ಮೊಬೈಲಿನಾಗ ಒಂದು ವಿಡಿಯೊ ನೋಡಿದೆ. ಬಂಗಾರದ ನ್ಯಾನೊ ಕಣದ ದ್ರಾವಣ ಕೆಂಪಗ ಇರ್ತದ, ವಿಷಲೋಹ ಇರೋ ನೀರು ಬಿದ್ದರ ನೀಲಿ ಆಗ್ತದ, ಕಣ್ಣಿಗೇ ಕಾಣ್ತದ, ದೊಡ್ಡ ಮಷೀನ್ ಏನೂ ಬೇಡ ಅಂತ ತೋರಿಸಿದರು. ಅಷ್ಟು ಸುಲಭ ಇದ್ರ ಶಾಲೆ ಲ್ಯಾಬಿನಾಗೇ ಮಾಡಿ ತಾಂಡಾದ ಎಲ್ಲಾ ಬೋರ್ ನೀರು ಒಂದೇ ದಿನಕ್ಕ ನೋಡಬಹುದಲ್ಲ? ಆ ಹುಡುಗಿ ಅದನ್ನ ವಿಜ್ಞಾನ ಪ್ರದರ್ಶನಕ್ಕೂ ಒಯ್ಯಬೇಕಂತಾಳ. ಅದೇ ನ್ಯಾನೊ ಕಣದಿಂದ ನೀರಿನಾಗಿನ ವಿಷ ತೆಗೀಲಿಕ್ಕೂ ಬರ್ತದಾ? ಬಂಗಾರದ ಖರ್ಚು ನಮಗ ತಡೀತದಾ? ಇದರಾಗ ನಿಜವಾಗಿ ಕೆಲಸ ಮಾಡಿದವರು ಯಾರಾದ್ರೂ ಇದ್ದರ ಹೇಳ್ರಿ. ಆ ಬಾಟಲಿ ಇನ್ನೂ ನನ್ನ ಟೇಬಲ್ ಮ್ಯಾಲೇ ಅದ.


ಉತ್ತರ 1
ಬರೆದವರು: ಭೀಮಾ ದಂಡೆ

ಟೀಚರ್, ನಿಮ್ಮ ಪ್ರಶ್ನೆ ಓದಿ ರಾತ್ರಿಯೇ ಬರೆಯಲು ಕೂತೆ. ನಾನು ಜೇವರ್ಗಿ ಕಡೆಯವನು. ಕಲಬುರಗಿಯಲ್ಲಿ ಸಂಶೋಧನೆ ಮಾಡುವಾಗ ನಾಲ್ಕು ವರ್ಷ ಇದೇ ಕೆಂಪು ದ್ರಾವಣದ ಜೊತೆ ಬದುಕಿದ್ದೇನೆ. ಈಗ ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ.

ವಿಡಿಯೊ ಸುಳ್ಳಲ್ಲ. ಗೋಲ್ಡ್ ಕ್ಲೋರೈಡಿನ ತೆಳು ಹಳದಿ ದ್ರಾವಣವನ್ನು ಕುದಿಸಿ, ಅದಕ್ಕೆ ಸೋಡಿಯಂ ಸಿಟ್ರೇಟ್ ಸುರಿಯಬೇಕು. ಮೊದಲು ಹಳದಿ ಹೋಗಿ ನೀರಿನಂತಾಗುತ್ತದೆ, ಆಮೇಲೆ ಮಸಿ ಕದಡಿದ ಹಾಗೆ ಕಪ್ಪಾಗುತ್ತದೆ, ನೋಡನೋಡುತ್ತ ದಾಳಿಂಬೆ ರಸದ ಬಣ್ಣಕ್ಕೆ ತಿರುಗುತ್ತದೆ. ಇದು 1951ರಲ್ಲಿ ಟರ್ಕೆವಿಚ್ ಮತ್ತು ಜೊತೆಗಾರರು ವಿವರಿಸಿದ ವಿಧಾನ. ಅದಕ್ಕೂ ಹಿಂದೆ, 1857ರಲ್ಲಿ, ಮೈಕೆಲ್ ಫ್ಯಾರಡೆ ಇಂಥ ಕೆಂಪು ಬಂಗಾರದ ದ್ರಾವಣ ಮಾಡಿ, ಬಣ್ಣಕ್ಕೆ ಕಾರಣ ಬಂಗಾರದ ಅತಿ ಸಣ್ಣ ಕಣಗಳೇ ಎಂದು ಹೇಳಿದ್ದ. ಆ ಕಣಗಳು ಸುಮಾರು 13ರಿಂದ 20 ನ್ಯಾನೊಮೀಟರ್ ಅಗಲದವು (ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೊಮೀಟರ್). ಅಷ್ಟು ಸಣ್ಣದಾದಾಗ ಬಂಗಾರದೊಳಗಿನ ಎಲೆಕ್ಟ್ರಾನುಗಳೆಲ್ಲ ಬೆಳಕಿಗೆ ಒಟ್ಟಾಗಿ ತೂಗಾಡುತ್ತವೆ, 520 ನ್ಯಾನೊಮೀಟರ್ ಸುತ್ತಲಿನ ಹಸಿರು ಬೆಳಕನ್ನು ನುಂಗುತ್ತವೆ, ನಮ್ಮ ಕಣ್ಣಿಗೆ ಕೆಂಪು ಉಳಿಯುತ್ತದೆ. ಕಣಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾದರೆ ನುಂಗುವ ಬೆಳಕು 600 ನ್ಯಾನೊಮೀಟರಿನ ಆಚೆ ಸರಿಯುತ್ತದೆ, ದ್ರಾವಣ ನೇರಳೆಯಾಗಿ ನೀಲಿಯಾಗುತ್ತದೆ. ಇಡೀ ಪರೀಕ್ಷೆ ನಿಂತಿರುವುದು ಇಷ್ಟರ ಮೇಲೆ: ಕಣಗಳು ದೂರವಿದ್ದರೆ ಕೆಂಪು, ಗುಂಪಾದರೆ ನೀಲಿ.

ಖರ್ಚು ನೀವು ಅಂದುಕೊಂಡಷ್ಟಿಲ್ಲ. ತೆಳುವಾಗಿ ಮಾಡಿದರೆ ಒಂದು ಗ್ರಾಂ ಗೋಲ್ಡ್ ಕ್ಲೋರೈಡಿನಿಂದ ಸುಮಾರು 10 ಲೀಟರ್ ಕೆಂಪು ದ್ರಾವಣ ಬರುತ್ತದೆ, ಒಂದು ಪರೀಕ್ಷೆಗೆ ಬೇಕಾಗುವುದು ಒಂದೆರಡು ಮಿಲಿಲೀಟರ್. ಆದರೆ ನಾನು ಹೇಳಬೇಕಾದದ್ದು ಖರ್ಚಿನ ಮಾತಲ್ಲ, ಒಂದು ತಪ್ಪಿನ ಮಾತು.

ಎರಡನೇ ವರ್ಷದ ಮಾರ್ಚ್ ತಿಂಗಳು. ಊರಿಗೆ ಹೋದವನು ಬರುವಾಗ ನಮ್ಮ ಮನೆಯವರು ಕುಡಿಯುವ ಬೋರಿನ ನೀರು ಒಂದು ಬಾಟಲಿ ತಂದಿದ್ದೆ. ಪ್ರಯೋಗಾಲಯದಲ್ಲಿ ಅಲ್ಲಿಯವರೆಗೆ ಎಲ್ಲ ಪ್ರಯೋಗ ಬಟ್ಟಿ ಇಳಿಸಿದ ನೀರಿನಲ್ಲೇ ನಡೆದಿತ್ತು: ಅದಕ್ಕೆ ಅಳತೆಯ ಪಾದರಸದ ಲವಣ ಹಾಕುವುದು, ಬಣ್ಣ ನೋಡುವುದು, ಬರೆದುಕೊಳ್ಳುವುದು. ಆ ಸಂಜೆ ಸುಮ್ಮನೆ ಕುತೂಹಲಕ್ಕೆ ಎರಡು ಮಿಲಿಲೀಟರ್ ಕೆಂಪು ದ್ರಾವಣಕ್ಕೆ ಊರ ನೀರು ಹನಿಹನಿಯಾಗಿ ಬಿಟ್ಟೆ. ನಾಲ್ಕನೇ ಹನಿಗೆ ಅಂಚಿನಲ್ಲಿ ನೇರಳೆ ಹಣ್ಣಿನ ಬಣ್ಣ ಕಾಣಿಸಿತು. ಅಲ್ಲಾಡಿಸಿದೆ. ಒಂದು ನಿಮಿಷದಲ್ಲಿ ಪೂರಾ ನೀಲಿ, ಸ್ವಲ್ಪ ಹೊತ್ತಿಗೆ ಬೂದು, ತಳದಲ್ಲಿ ಕಪ್ಪು ಗಸಿ. ನನ್ನ ಕೈ ನಡುಗಿತು. ಹೊರಗೆ ಬಂದು ಮನೆಗೆ ಫೋನ್ ಮಾಡಿ, "ಅವ್ವಾ, ನಾಳಿಯಿಂದ ಆ ಬೋರ್ ನೀರು ಕುಡೀಬ್ಯಾಡ್ರಿ, ವಿಷ ಅದ" ಎಂದೆ.

ಹನ್ನೊಂದು ದಿನ ನಮ್ಮವ್ವ ಆ ಬಿಸಿಲಿನಲ್ಲಿ ಊರಾಚೆಯ ಬಾವಿಯಿಂದ ಕೊಡ ಹೊತ್ತು ನೀರು ತಂದಳು. ನೆರೆಯ ಇಬ್ಬರು ಹೆಣ್ಣುಮಕ್ಕಳೂ ಅವಳನ್ನು ನೋಡಿ ಬೋರಿನ ನೀರು ಬಿಟ್ಟರು.

ನನ್ನ ಮಾರ್ಗದರ್ಶಕರು ಬೇರೆ ಊರಿಗೆ ಹೋಗಿದ್ದರು. ವಾಪಸು ಬಂದ ದಿನ ಓಡಿ ಹೋಗಿ ತೋರಿಸಿದೆ. ಅವರು ಏನೂ ಹೇಳದೆ ಬಟ್ಟಿ ಇಳಿಸಿದ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಕರಗಿಸಿ ನನ್ನ ಕೈಗೆ ಕೊಟ್ಟರು. ಹನಿ ಬಿಟ್ಟೆ. ಅದೇ ನೇರಳೆ, ಅದೇ ನೀಲಿ, ಅದೇ ಗಸಿ. ಆಮೇಲೆ ಊರ ನೀರನ್ನು ದೊಡ್ಡ ಯಂತ್ರದಲ್ಲಿ ಲೋಹಗಳಿಗಾಗಿ ಪರೀಕ್ಷೆ ಮಾಡಿಸಿದೆವು. ಪಾದರಸ, ಸೀಸ, ಆರ್ಸೆನಿಕ್ ಯಾವುದೂ ಮಿತಿಯ ಹತ್ತಿರಕ್ಕೂ ಇರಲಿಲ್ಲ. ಇದ್ದದ್ದು ಕ್ಯಾಲ್ಸಿಯಂ, ಮೆಗ್ನೀಸಿಯಂ, ಉಪ್ಪು. ನಮ್ಮ ಕಡೆಯ ಸವಳ ನೀರು, ಅಷ್ಟೇ.

ಕಾರಣ ಇದು. ಸಿಟ್ರೇಟ್ ಹೊದಿಕೆಯಿಂದ ಪ್ರತಿ ಕಣದ ಮೇಲೂ ಋಣ ವಿದ್ಯುದಂಶ ಇರುತ್ತದೆ. ಒಂದನ್ನೊಂದು ತಳ್ಳಿಕೊಂಡು ದೂರ ನಿಂತಿರುತ್ತವೆ. ಉಪ್ಪಿನ ಸೋಡಿಯಂ ಆ ತಳ್ಳಾಟವನ್ನು ಮುಚ್ಚಿಬಿಡುತ್ತದೆ. ಎರಡು ಧನ ವಿದ್ಯುದಂಶವಿರುವ ಕ್ಯಾಲ್ಸಿಯಂ ಇನ್ನೂ ಕಡಿಮೆ ಪ್ರಮಾಣದಲ್ಲೇ ಅದೇ ಕೆಲಸ ಮಾಡುತ್ತದೆ. ನಿಮ್ಮ ಮನೆಯಲ್ಲಿ ಬೋರ್ ನೀರಿಗೆ ತೊಗರಿ ಬೇಳೆ ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದಲ್ಲ, ಅದನ್ನು ಬೇಯಗೊಡದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೇ ನನ್ನ ಬಂಗಾರವನ್ನು ನೀಲಿ ಮಾಡಿದ್ದು. ಬೇಳೆ ಬೇಯದ ನೀರಿನಲ್ಲಿ ಬರಿಯ ಸಿಟ್ರೇಟ್ ಬಂಗಾರದ ಪರೀಕ್ಷೆಯನ್ನು ನಂಬಲೇಬೇಡಿ.

ಹಾಗಾದರೆ ಆರ್ಸೆನಿಕ್ಕನ್ನೇ ಗುರುತಿಸುವುದು ಹೇಗೆ? ಕಣದ ಮೇಲೆ ಅದಕ್ಕೆ ಬೇಕಾದ ಕೊಂಡಿ ಕೂರಿಸಬೇಕು. ನೀರಿನ ಆರ್ಸೆನಿಕ್ಕಿಗೆ ಎರಡು ರೂಪ, ಆರ್ಸೆನೈಟ್ ಮತ್ತು ಆರ್ಸೆನೇಟ್. ಆರ್ಸೆನೈಟಿಗೆ ಗಂಧಕದ ಮೇಲೆ ಬಹಳ ಒಲವು. ಅದಕ್ಕೇ ಗ್ಲುಟಾಥಯೋನ್, ಸಿಸ್ಟೀನ್‌ನಂಥ ಗಂಧಕವಿರುವ ಅಣುಗಳನ್ನು ಬಂಗಾರಕ್ಕೆ ಹೊದಿಸುತ್ತಾರೆ. ಒಂದು ಆರ್ಸೆನಿಕ್ ಮೂರು ಗಂಧಕಗಳನ್ನು ಹಿಡಿಯಬಲ್ಲದು, ಹಾಗಾಗಿ ಬೇರೆ ಬೇರೆ ಕಣಗಳನ್ನು ಎಳೆದು ಒಟ್ಟುಗೂಡಿಸುತ್ತದೆ. (ಅದು ನಮ್ಮ ಮೈಗೆ ವಿಷವಾಗುವ ದಾರಿಯೂ ಇದೇ. ನಮ್ಮ ಕಿಣ್ವಗಳ ಗಂಧಕವನ್ನು ಹೀಗೇ ಕಚ್ಚಿ ಹಿಡಿಯುತ್ತದೆ.) ಕ್ಯಾಲ್ಸಿಯಂ ಅಡ್ಡ ಬರದಂತೆ ಅದನ್ನು ಮೊದಲೇ ಕಟ್ಟಿಹಾಕುವ ಇನ್ನೊಂದು ರಾಸಾಯನಿಕ ಬೆರೆಸುತ್ತಾರೆ. ಪ್ರಯೋಗಾಲಯದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಬೋರಿನಿಂದ ಬೋರಿಗೆ ಉಪ್ಪು ಬದಲಾಗುವ ನಮ್ಮ ನೆಲದಲ್ಲಿ, ಪ್ರತಿ ನೀರಿಗೂ ತಾಳೆ ನೋಡದೆ ನಡೆಯುವುದಿಲ್ಲ. ತಿರುಗುಮುರುಗು ತಪ್ಪೂ ಉಂಟು: ಕೊಳೆತ ಎಲೆ, ಸಗಣಿಯಿಂದ ಬಂದ ಸಾವಯವ ವಸ್ತು ನೀರಿನಲ್ಲಿದ್ದರೆ ಅದು ಕಣಗಳಿಗೆ ಮೆತ್ತಿಕೊಂಡು ಗುಂಪಾಗಲು ಬಿಡುವುದಿಲ್ಲ. ವಿಷವಿದ್ದೂ ದ್ರಾವಣ ಕೆಂಪಾಗೇ ಉಳಿಯುತ್ತದೆ. ನಮ್ಮವ್ವ ಹನ್ನೊಂದು ದಿನ ಸುಮ್ಮನೆ ಕೊಡ ಹೊತ್ತದ್ದು ನನಗೆ ಇವತ್ತಿಗೂ ನೋಯುತ್ತದೆ. ಈ ಎರಡನೇ ತಪ್ಪು ನಿಮ್ಮ ತಾಂಡಾದಲ್ಲಿ ಆದರೆ ಅಜ್ಜಿ ಮತ್ತೆ ಅದೇ ನೀರು ಕುಡಿಯುತ್ತಾರೆ.

ಪ್ರಮಾಣವನ್ನೂ ಮನಸ್ಸಿನಲ್ಲಿಡಿ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ಕಿನ ಮಿತಿ ಲೀಟರಿಗೆ 0.01 ಮಿಲಿಗ್ರಾಂ. 5000 ಲೀಟರಿನ 20 ಟ್ಯಾಂಕರ್ ನೀರಿಗೆ ಒಂದು ಗ್ರಾಂ ಆರ್ಸೆನಿಕ್ ಬೆರೆಸಿದರೆ ಆ ಮಿತಿ ಮುಟ್ಟುತ್ತದೆ. ಇಷ್ಟು ಕಡಿಮೆಯನ್ನು ಬರಿಗಣ್ಣಿನ ಬಣ್ಣದ ಮೇಲೆ ಇದೆ, ಇಲ್ಲ ಎಂದು ತೀರ್ಪು ಕೊಡಬಾರದು.

ಇನ್ನು ತೆಗೆಯುವ ಮಾತು. ಅದಕ್ಕೆ ಬಂಗಾರ ಬೇಡವೇ ಬೇಡ, ಕಬ್ಬಿಣ ಸಾಕು. ತುಕ್ಕಿನ ಜಾತಿಯ ಕಬ್ಬಿಣದ ಆಕ್ಸಿಹೈಡ್ರಾಕ್ಸೈಡಿನ ಮೈಮೇಲೆ ಆರ್ಸೆನಿಕ್ ತಾನಾಗಿ ಬಂದು ಗಟ್ಟಿಯಾಗಿ ಕೂರುತ್ತದೆ. ನ್ಯಾನೊ ಎನ್ನುವ ಮಾತಿಗೆ ಇಲ್ಲಿ ಅರ್ಥ ಬರುವುದು ಮೈಯ ವಿಸ್ತಾರದಿಂದ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ತುಂಡಿಗೆ ಇರುವ ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರಿನ ತುಣುಕುಗಳಾಗಿ ಕತ್ತರಿಸಿದರೆ 600 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ ಆರು ಗುಂಟೆ ಹೊಲ. ಬೆರಳ ತುದಿಯಷ್ಟು ವಸ್ತುವಿನಲ್ಲಿ ಆರು ಗುಂಟೆ ಜಾಗ, ವಿಷ ಕೂರಲಿಕ್ಕೆ. ಮದ್ರಾಸ್ ಐಐಟಿಯ ಪ್ರೊ. ಟಿ. ಪ್ರದೀಪ್ ಅವರ ತಂಡ ಇಂಥ ನ್ಯಾನೊ ಕಬ್ಬಿಣವನ್ನು ಸಿಗಡಿ, ಏಡಿಯ ಚಿಪ್ಪಿನಿಂದ ಬರುವ ಕೈಟೊಸಾನಿನೊಳಗೆ ಕೂರಿಸಿ ಕಾಳಿನಂತೆ ಮಾಡಿದೆ. ಅಮೃತ್ ಎಂಬ ಹೆಸರಿನ ಆ ತಂತ್ರದ ಘಟಕಗಳು ದೇಶದ ಆರ್ಸೆನಿಕ್ ಪೀಡಿತ ಊರುಗಳಲ್ಲಿ ಕೆಲಸ ಮಾಡುತ್ತಿವೆ. ಪುಡಿ ನೀರಿನ ಜೊತೆ ಕೊಚ್ಚಿ ಹೋಗದಂತೆ ಹೀಗೆ ಕಾಳಾಗಿ ಕಟ್ಟುವುದೇ ದೊಡ್ಡ ಕೆಲಸ. 2006ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಇನ್ನೊಂದು ದಾರಿ ತೋರಿಸಿದರು. 12 ನ್ಯಾನೊಮೀಟರಿನ ಮ್ಯಾಗ್ನಟೈಟ್ (ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್) ಕಣ ನೀರಿಗೆ ಹಾಕಿ, ಆರ್ಸೆನಿಕ್ ಅಂಟಿಸಿಕೊಂಡ ಮೇಲೆ ಅಯಸ್ಕಾಂತದಿಂದ ಎಳೆದುಬಿಡುವುದು.

ಒಂದು ವಿಚಾರ ನನ್ನ ತಲೆಯಿಂದ ಹೋಗುವುದಿಲ್ಲ. ನಿಮ್ಮ ಸುರಪುರದ ಮಂಗಳೂರಿನ ಕಡೆ (ಕರಾವಳಿಯ ಮಂಗಳೂರಲ್ಲ) ಇರುವುದು ಹಟ್ಟಿಯ ಹಾಗೆ ಬಂಗಾರ ಹೊತ್ತ ಹಸಿರುಕಲ್ಲಿನ ಪಟ್ಟಿ. ಇಂಥ ಶಿಲೆಯಲ್ಲಿ ಬಂಗಾರದ ಜೊತೆಗೇ ಆರ್ಸೆನೊಪೈರೈಟ್ ಎಂಬ ಖನಿಜ ಇರುತ್ತದೆ. ಅದರಲ್ಲಿ ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಒಂದೇ ಮನೆಯಲ್ಲಿವೆ. ನೆಲದೊಳಗೆ ಒಟ್ಟಿಗಿದ್ದ ಬಂಗಾರ, ಗಂಧಕ, ಕಬ್ಬಿಣಗಳನ್ನೇ ಹಿಡಿದು ನಾವು ನೀರಿನ ಆರ್ಸೆನಿಕ್ ಹುಡುಕುತ್ತಿದ್ದೇವೆ, ತೆಗೆಯುತ್ತಿದ್ದೇವೆ.

ಹುಡುಗಿಗೆ ಹೇಳಿ, ಪ್ರದರ್ಶನಕ್ಕೆ ಖಂಡಿತ ಮಾಡಲಿ. ದ್ರಾವಣ ನಾನು ಕಳಿಸುತ್ತೇನೆ. ಆದರೆ ಉಪ್ಪಿನ ನೀರಿನ ಲೋಟ ಪಕ್ಕದಲ್ಲೇ ಇರಲಿ. ಟೇಬಲ್ ಮೇಲಿನ ಬಾಟಲಿ ಮಾತ್ರ ಪ್ರಯೋಗಾಲಯಕ್ಕೆ ಹೋಗಬೇಕು.


ಉತ್ತರ 2
ಬರೆದವರು: ಬಿದ್ರಿ ಮನಿ

ನಮ್ಮದು ಬೀದರ್. ಅಬ್ಬಾ, ದಾದಾ ಎಲ್ಲಾ ಬಿದ್ರಿ ಕೆಲಸದವರು. ಸತು, ತಾಮ್ರದ ಎರಕದಾಗ ಬೆಳ್ಳಿ ತಂತಿ ಕೂಡಿಸಿ, ಕೋಟೆ ಮಣ್ಣು, ನವಸಾಗರ ಹಾಕಿ ಕರಿ ಮಾಡೋದು ನಮಗ ಗೊತ್ತು. ನನ್ನದೊಂದು ಪ್ರಶ್ನೆ ಅದ. ಬೆಳ್ಳಿ ಲೋಟದಾಗ, ತಾಮ್ರದ ಕೊಡದಾಗ ರಾತ್ರಿ ನೀರಿಟ್ಟು ಕುಡದ್ರ ಶುದ್ಧ ಆಗ್ತದ ಅಂತಾರಲ್ಲ, ಅದೂ ನ್ಯಾನೊ ಕಣದ ಕೆಲಸೇ ಏನು? ಟೀಚರ್ ಅವರ ತಾಂಡಾದಾಗ ಮನಿಗೊಂದು ತಾಮ್ರದ ಕೊಡ ಕೊಟ್ರ ಸಾಕಾಗಂಗಿಲ್ಲೇನು? ಕೊಡಸ್ಲಿಕ್ಕೆ ನಾವು ನಾಲ್ಕು ಮಂದಿ ಸೇರಿ ತಯಾರ್ ಇದ್ದೀವಿ.


ಉತ್ತರ 3
ಬರೆದವರು: ಭೀಮಾ ದಂಡೆ

ನಿಮ್ಮ ಮನಸ್ಸು ದೊಡ್ಡದು. ಆದರೆ ತಾಮ್ರದ ಕೊಡ ಇಲ್ಲಿ ಸಾಲದು. ತಾಮ್ರ, ಬೆಳ್ಳಿ ನೀರಿಗೆ ಬಿಡುವ ಅಲ್ಪ ಅಯಾನುಗಳು ರೋಗಾಣು ಕೊಲ್ಲುತ್ತವೆ, ಅದು ನಿಜ. ಬೆಳ್ಳಿಯ ನ್ಯಾನೊ ಕಣವನ್ನು ಫಿಲ್ಟರಿನಲ್ಲಿ ಬಳಸುವುದೂ ಅದಕ್ಕೇ. ಅಲ್ಲಿ ಬೆಳ್ಳಿ ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು ಎಂಬ ಮಿತಿಯೂ ಇದೆ. ಪಾದರಸವನ್ನು ಬೆಳ್ಳಿ ತನ್ನೊಳಗೆ ಸೇರಿಸಿಕೊಳ್ಳುತ್ತದೆ, ನಿಮ್ಮ ಕಸುಬಿನವರಿಗೆ ಅದು ಹೇಳಬೇಕಿಲ್ಲ. ಬೆಳ್ಳಿಯ ನ್ಯಾನೊ ದ್ರಾವಣ ಹಳದಿ ಬಣ್ಣದ್ದು, ಪಾದರಸ ಸೇರಿದರೆ ಆ ಹಳದಿ ಮಾಸುತ್ತದೆ, ಹಾಗೆ ಪಾದರಸ ಕಂಡುಹಿಡಿಯುತ್ತಾರೆ. ಆರ್ಸೆನಿಕ್ ಮಾತ್ರ ತಾಮ್ರದ ಕೊಡದಲ್ಲಿ ರಾತ್ರಿ ಇಟ್ಟರೂ ಬೆಳಿಗ್ಗೆ ಹಾಗೇ ಇರುತ್ತದೆ. ಕುದಿಸಿದರಂತೂ ನೀರು ಆವಿಯಾಗಿ ವಿಷ ಇನ್ನೂ ಗಟ್ಟಿಯಾಗುತ್ತದೆ. ಆ ನಾಲ್ಕು ಜನ ಸೇರಿ ನೀರಿನ ಪರೀಕ್ಷೆಯ ಖರ್ಚು ಕೊಟ್ಟರೆ ತಾಂಡಾಕ್ಕೆ ನಿಜವಾದ ಉಪಕಾರ.


ಉತ್ತರ 4
ಬರೆದವರು: ಸ್ಯಾಂಪಲ್ ಬಾಟಲಿ

ಯಾದಗಿರಿಯಾಗ ನೀರು ಪರೀಕ್ಷೆ ಕೆಲಸ ಮಾಡ್ತೀನಿ. ಟೀಚರ್, ಟೇಬಲ್ ಮ್ಯಾಲಿನ ಬಾಟಲಿ ಲ್ಯಾಬಿಗೂ ಬರಂಗಿಲ್ರಿ. ಒಂದು ತಿಂಗಳು ನಿಂತ ನೀರು. ಅದರಾಗಿನ ಕಬ್ಬಿಣ ತುಕ್ಕಾಗಿ ಬಾಟಲಿ ಗೋಡೆಗೆ ಹತ್ತಿರ್ತದ, ಜೋಡಿಗೆ ಆರ್ಸೆನಿಕ್ಕೂ ಎಳಕೊಂಡು ಹೋಗಿರ್ತದ. ಮ್ಯಾಲಿನ ನೀರು ಪರೀಕ್ಷೆ ಮಾಡಿದ್ರ ಕಡಿಮಿ ತೋರಿಸ್ತದ, ನೀವು ಬಚಾವ್ ಅಂದುಕೋತೀರಿ. ಹೊಸದಾಗಿ ತುಂಬ್ರಿ.

ಬೋರ್ ಚಾಲೂ ಮಾಡಿ ಐದ್ಹತ್ತು ನಿಮಿಷ ನೀರು ಹರೀಲಿಕ್ಕೆ ಬಿಡ್ರಿ, ಪೈಪಿನಾಗ ನಿಂತ ನೀರು ಹೋಗ್ಲಿ. ಹೊಸಾ ಪ್ಲಾಸ್ಟಿಕ್ ಬಾಟಲಿ ಅದೇ ನೀರಿನಿಂದ ಮೂರು ಸಲ ಕುಲುಕಿ ಚೆಲ್ರಿ, ಆಮ್ಯಾಲ ತುಂಬ್ರಿ. ಒಂದು ಬೋರಿಗೆ ಎರಡು ಬಾಟಲಿ. ಒಂದರಾಗ ನೈಟ್ರಿಕ್ ಆಮ್ಲ ಹಾಕಬೇಕು, ಪಿಎಚ್ 2ಕ್ಕಿಂತ ಕೆಳಗ ಬರೋ ಹಂಗ, ಆವಾಗ ಲೋಹ ಗೋಡೆಗೆ ಹತ್ತಂಗಿಲ್ಲ. ಆಮ್ಲ ಮಕ್ಕಳ ಕೈಯಾಗ ಕೊಡಬ್ಯಾಡ್ರಿ, ಲ್ಯಾಬಿನವರನ್ನ ಕೇಳಿದ್ರ ಬಾಟಲಿಯೊಳಗ ಹಾಕೇ ಕೊಡ್ತಾರ. ಅಂಥ ಬಾಟಲಿ ಮಾತ್ರ ಕುಲುಕಿ ಚೆಲ್ಲಬಾರದು. ಇನ್ನೊಂದರಾಗ ಆಮ್ಲ ಬೇಡ, ಅದು ಫ್ಲೋರೈಡ್, ನೈಟ್ರೇಟ್ ನೋಡ್ಲಿಕ್ಕೆ. ನಮ್ಮ ಕಡಿ ಫ್ಲೋರೈಡೂ ಬಿಡಬಾರದು. ಬಾಟಲಿ ಮ್ಯಾಲ ಊರು, ಯಾರ ಮನಿ ಹತ್ತಿರ, ಬೋರ್ ಎಷ್ಟು ಫೂಟ್ ಆಳ, ತಾರೀಖು ಎಲ್ಲಾ ಬರೀರಿ. ಆಳ ಬರೀದೇ ಕೊಡೋರೇ ಹೆಚ್ಚು. ಅದೇ ತಾಂಡಾದಾಗ ಒಂದು ಬೋರ್ ಚಲೋ ಇದ್ದು ನೂರು ಹೆಜ್ಜಿ ಆಚೆದು ಕೆಟ್ಟಿರ್ತದ, ಎಲ್ಲಾನೂ ಬ್ಯಾರೆ ಬ್ಯಾರೆ ನೋಡಬೇಕು.

ಪಂಚಾಯತಿಯಾಗಿನ ಕಿಟ್ ಸಾಮಾನ್ಯವಾಗಿ ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ನೋಡ್ತದ, ಆರ್ಸೆನಿಕ್ ನೋಡಂಗಿಲ್ಲ. ಆರ್ಸೆನಿಕ್ಕಿನ ಫೀಲ್ಡ್ ಕಿಟ್ ಬ್ಯಾರೆ ಸಿಗ್ತದ. ನೀರಿಗೆ ಆಮ್ಲ, ಸತುವಿನ ಪುಡಿ ಹಾಕಿದ್ರ ಆರ್ಸೆನಿಕ್ ಗ್ಯಾಸ್ ಆಗಿ ಮ್ಯಾಲ ಬಂದು ಮರ್ಕ್ಯುರಿಕ್ ಬ್ರೋಮೈಡ್ ಹಚ್ಚಿದ ಕಾಗದ ಹಳದಿ, ಕಂದು ಮಾಡ್ತದ. ಹಳೇ ವಿಧಾನ, ಸವಳು ನೀರಿಗೆ ನಿಮ್ಮ ಕೆಂಪು ಬಂಗಾರದಂಗ ಮೋಸ ಹೋಗಂಗಿಲ್ಲ. ಆದ್ರ ಆ ಗ್ಯಾಸ್ ಭಾಳ ವಿಷ. ಬಯಲಿನಾಗ ದೊಡ್ಡವರೇ ಮಾಡಬೇಕು, ಬಣ್ಣ ನೆರಳಿನಾಗ ಹೋಲಿಸಬೇಕು, ಲೆಕ್ಕ ಕೊನೀಗೆ ಲ್ಯಾಬಿನಾಗೇ ಖಾತ್ರಿ ಆಗಬೇಕು.

ಇನ್ನೊಂದು ಮಾತು, ಯಾರೂ ಹೇಳಲಿಲ್ಲ. ಕಬ್ಬಿಣದ ಫಿಲ್ಟರ್ ಹಾಕ್ತೀರಿ ಅಂತ ಇಟ್ಕೋರಿ. ವರುಷಕ್ಕೋ ಎರಡು ವರುಷಕ್ಕೋ ಅದು ತುಂಬ್ತದ. ತುಂಬಿದ ಕಾಳು ಎಲ್ಲಿ ಹಾಕ್ತೀರಿ? ತಿಪ್ಪೆಗೆ ಹಾಕಿದ್ರ ಮುಗೀತು. ತಿಪ್ಪೆ ಒಳಗ ಗಾಳಿ ಇರಂಗಿಲ್ಲ, ಸಗಣಿ ಕೊಳೀತದ, ಅಲ್ಲಿ ತುಕ್ಕು ಕರಗಿ ಹಿಡಿದ ಆರ್ಸೆನಿಕ್ ಬಿಟ್ಟುಕೊಡ್ತದ. ಅದೇ ಗೊಬ್ಬರ ಹೊಲಕ್ಕ ಹೋಗ್ತದ. ಸಿಮೆಂಟಿನಾಗ ಗಟ್ಟಿ ಮಾಡಿಡಬೇಕು, ಇಲ್ಲಾ ಕೊಟ್ಟವರೇ ವಾಪಸ್ ಒಯ್ಯಬೇಕು. ಫಿಲ್ಟರ್ ಕೊಡ್ಲಿಕ್ಕೆ ಬಂದವರಿಗೆ ಮೊದಲ ಇದನ್ನೇ ಕೇಳ್ರಿ. ಆರ್‌ಒ ಯಂತ್ರದ ಹೊರಗ ಹೋಗೋ ನೀರಿನಾಗೂ ವಿಷ ಗಟ್ಟಿಯಾಗಿರ್ತದ, ಅದು ದನದ ತೊಟ್ಟಿಗೆ ಹೋಗಬಾರದು.

ಅಜ್ಜಿಗೆ ಚರ್ಮದ ವೈದ್ಯರ ಹತ್ತಿರ ಕರಕೊಂಡು ಹೋಗ್ರಿ. ಯಾವ ನೀರು ಎಷ್ಟು ವರುಷ ಕುಡದ್ರು ಅನ್ನೋದು ಹೇಳ್ರಿ. ಮುಲಾಮಿನಿಂದ ಇದು ಹೋಗೂದಿಲ್ಲ, ಮೊದಲ ಆ ನೀರು ನಿಲ್ಲಬೇಕು.


ಉತ್ತರ 5
ಬರೆದವರು: ಸುರಪುರ ಟೀಚರ್

ಆರು ವಾರದ ಮ್ಯಾಲ ಬರೀತಿದ್ದೀನಿ. ತಡ ಆಗಿದ್ದಕ್ಕ ಕ್ಷಮೆ ಇರಲಿ, ವರದಿ ಬರಲಿ ಅಂತ ಕಾಯ್ದೆ.

ಹಳೇ ಬಾಟಲಿ ನೀರು ಪರೀಕ್ಷೆಗೆ ಕೊಡಲಿಲ್ಲ. ಹೇಳಿದಂಗ ಹೊಸದಾಗಿ ತುಂಬಿದೆವು. ತಾಂಡಾದಾಗ ಮೂರು ಬೋರ್, ಒಂದು ಕೈಪಂಪು, ನಮ್ಮ ಶಾಲೆ ಹಿಂದಿನ ಬೋರ್. ಆಳ ಬರೀಲಿಕ್ಕೆ ಹುಡುಗಿ ಒಬ್ಬಾಕಿನೇ ಮನಿ ಮನಿ ತಿರುಗಿ, ಬೋರ್ ಹೊಡೆಸಿದ ಮುದುಕರನ್ನ ಕೇಳಿ ಕೇಳಿ ನೋಟ್‌ಬುಕ್ಕಿನಾಗ ಬರಕೊಂಡು ಬಂದಳು. ಪರೀಕ್ಷೆ ಖರ್ಚಿಗೆ ಬೀದರಿನ ಅಣ್ಣ ಹೇಳಿದ ಮಾತಿನಂತೆ ಹಣ ಕಳಿಸಿದರು. ನಿಮ್ಮ ನಾಲ್ಕೂ ಮಂದಿಗೆ ತಾಂಡಾದವರ ಪರವಾಗಿ ಕೈ ಮುಗೀತೀನಿ.

ವರದಿ ಮೊನ್ನೆ ಕೈಗೆ ಬಂತು. ಶಾಲೆ ಬೋರಿನಾಗ ಆರ್ಸೆನಿಕ್ ಮಿತಿ ಒಳಗೇ ಅದ, ಆದ್ರ ಫ್ಲೋರೈಡ್ ಹೆಚ್ಚದ. ಇದು ನನಗ ಗೊತ್ತೇ ಇರಲಿಲ್ಲ. ಮಕ್ಕಳ ಹಲ್ಲಿನ ಕಂದು ಗೆರಿ ಇಷ್ಟು ವರುಷ ನೋಡ್ತಾ ಬಂದೀನಿ, ಸರಿಯಾಗಿ ಹಲ್ಲು ತಿಕ್ಕಂಗಿಲ್ಲ ಅಂತ ಬೈದೀನಿ. ತಾಂಡಾದ ಎರಡು ಬೋರ್ ಚಲೋ ಅವ. ಒಂದು ಬೋರಿನಾಗೂ ಕೈಪಂಪಿನಾಗೂ ಆರ್ಸೆನಿಕ್ ಮಿತಿ ದಾಟ್ಯಾದ. ಅಜ್ಜಿ ಮನಿ ಇರೋದು ಆ ಕೈಪಂಪಿನ ಎದುರಿಗೇ.

ಜೇವರ್ಗಿ ಸರ್ ಕಳಿಸಿದ ಕೆಂಪು ದ್ರಾವಣ ಕ್ಲಾಸಿನಾಗ ತೋರಿಸಿದೆ. ಐದೂ ನೀರಿನ ಜೊತೆ ಉಪ್ಪಿನ ನೀರು, ಬಟ್ಟಿ ಇಳಿಸಿದ ನೀರು ಇಟ್ಟೆವು. ಬಟ್ಟಿ ಇಳಿಸಿದ್ದು ಬಿಟ್ಟು ಉಳಿದ ಆರೂ ಗಾಜಿನ ನಳಿಗೆ ನೀಲಿ ಆದವು. ವರದಿ ಪಕ್ಕಕ್ಕಿಟ್ಟು, ಯಾವುದು ವಿಷ ಹೇಳ್ರಿ ಅಂತ ಮಕ್ಕಳನ್ನ ಕೇಳಿದೆ. ಯಾರಿಗೂ ಹೇಳ್ಲಿಕ್ಕೆ ಆಗಲಿಲ್ಲ. ಆಮ್ಯಾಲ ವರದಿ ಓದಿದೆ. ಪ್ರದರ್ಶನಕ್ಕ ಹುಡುಗಿ ಇದನ್ನೇ ಒಯ್ಯತಾಳ, ಏಳು ನಳಿಗೆ, ಒಂದು ವರದಿ. ಪಕ್ಕಕ್ಕ ಮರಳು, ತುಕ್ಕು ಹಿಡಿಸಿದ ಕಬ್ಬಿಣದ ಚೂರು ತುಂಬಿದ ಒಂದು ಮಣ್ಣಿನ ಗಡಿಗಿ ಮಾದರಿ ಇಡ್ತೀವಿ. ಅದರ ನೀರು ಯಾರೂ ಕುಡೀಬಾರದು ಅಂತ ದೊಡ್ಡ ಅಕ್ಷರದಾಗ ಬರೆದೀವಿ.

ಅಜ್ಜಿಗೆ ಕಲಬುರಗಿಗೆ ಕರಕೊಂಡು ಹೋಗಿ ತೋರಿಸಿದ್ದಾತು. ಅಂಗೈ ನೋಡಿದ ಕೂಡಲೆ ಡಾಕ್ಟರ್ ಕೇಳಿದ ಮೊದಲ ಮಾತು, "ಯಾವ ನೀರು ಕುಡೀತೀರಿ?" ಔಷಧ ಕೊಟ್ಟಾರ, ಮೂರು ತಿಂಗಳಿಗೊಮ್ಮೆ ಬರ್ಲಿಕ್ಕೆ ಹೇಳ್ಯಾರ. ಅಡುಗೆಗೂ, ರೊಟ್ಟಿ ಹಿಟ್ಟು ನಾದ್ಲಿಕ್ಕೂ ಆ ನೀರು ಬೇಡ ಅಂದಾರ. ಸ್ನಾನಕ್ಕ, ಬಟ್ಟೆಗೆ ಬಳಸಬಹುದು ಅಂದರು.

ಪಂಚಾಯತಿಯವರಿಗೆ ವರದಿ ಕೊಟ್ಟೀವಿ. ಕೈಪಂಪಿಗೆ, ಆ ಒಂದು ಬೋರಿಗೆ ಕೆಂಪು ಬಣ್ಣ ಹಚ್ಚಿದ್ದಾತು. ಚಲೋ ಇರೋ ಎರಡಕ್ಕ ಹಸಿರು. ಹುಡುಗಿ ಬ್ರಷ್ ಹಿಡಿದು ಕೈಪಂಪಿನ ಹಿಡಿಕೆಗೆ ಬಣ್ಣ ಬಳೀತಿದ್ದಾಗ ಅಜ್ಜಿ ಬಾಗಿಲಾಗ ನಿಂತು ನೋಡ್ತಿದ್ದರು. "ಇದು ನಮ್ಮ ಯಜಮಾನರು ಊರಿನವರ ಕೈಕಾಲು ಹಿಡಿದು ಹಾಕಿಸಿದ್ದು" ಅಂದರು. ಮತ್ತೇನೂ ಅನ್ನಲಿಲ್ಲ. ಈಗ ಅವರ ಸೊಸಿ ಹಸಿರು ಬೋರಿನಿಂದ ದಿನಾ ಆರು ಕೊಡ ತರ್ತಾಳ.

ಹಸಿರು ಬೋರ್ ಎರಡೂ ಬ್ಯಾಸಿಗಿಯಾಗ ಬತ್ತತಾವಂತ. ಹಂಗಾಗಿ ಫೆಬ್ರವರಿ ಒಳಗ ಕೆಂಪು ಬೋರಿಗೆ ಒಂದು ಕಬ್ಬಿಣದ ಫಿಲ್ಟರ್ ಕೂಡಿಸಬೇಕಂತ ಪಂಚಾಯತಿಯಾಗ ಮಾತಾಡೀವಿ. ಅಮೃತ್ ಆಗಲಿ, ಬೇರೆ ಕಬ್ಬಿಣದ ಫಿಲ್ಟರ್ ಆಗಲಿ, ಹಳ್ಳಿಯಾಗ ಒಂದು ವರ್ಷಕ್ಕಿಂತ ಹೆಚ್ಚು ನಡೆಸಿದವರು ಇಲ್ಲಿ ಯಾರಾದ್ರೂ ಇದ್ದರ ಬರೀರಿ. ಸವಳು ನೀರಿನಾಗ ಎಷ್ಟು ದಿನಕ್ಕ ಕಾಳು ಬದಲಿ ಮಾಡಿದ್ರಿ, ತೆಗೆದ ಕಾಳು ಯಾರು ಒಯ್ದರು, ಈ ಎರಡು ಮಾತು ಮೊದಲ ಬೇಕಾಗ್ಯಾವ.